ಕಾಫಿ ಕಣದಲ್ಲಿ ಹರವಿದ ಕಂಪ್ಯೂಟರ್

ಕಂಪ್ಯೂಟರ್ ಕೊಳ್ಳುವ ಮೊದಲು ಯಾರೂ ನನ್ನನ್ನು ಕೇಳುವುದಿಲ್ಲ. ಕೇಳಿದರೆ ಹೇಳುತ್ತೇನೆ: ಹಿಂದೆ ಗೂನುಬೆನ್ನು ಇದ್ದ ಪರದೆ ಬರುತ್ತಿತ್ತಲ್ಲ, ಎಲ್ಲಾದರೂ ಸಿಕ್ಕರೆ ಅದನ್ನೇ ತನ್ನಿ. ಈಗಿನ ಚಪ್ಪಟೆ ಹಲಗೆಗಳು ಮಳೆಗಾಲಕ್ಕೆ ದಂಡ. ಗೂನುಬೆನ್ನಿನದು ಚೆನ್ನಾಗಿ ಬಿಸಿಯಾಗುತ್ತಿತ್ತು. ಪುನರ್ವಸು ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ನಮ್ಮ ಮನೆಯವರ ಉಣ್ಣೆ ಟೋಪಿಯನ್ನು ಅದರ ಬೆನ್ನ ಮೇಲೆ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಒಣಗಿರುತ್ತಿತ್ತು. ಬೆಕ್ಕು ಕೂಡ ಒಲೆ ಬಿಟ್ಟು ಅಲ್ಲಿಗೆ ಬರುತ್ತಿತ್ತು. ಚಪ್ಪಟೆ ಪರದೆ ಮಾಡಿದ ಕಂಪನಿಯವರು ಮೂಡಿಗೆರೆ ಕಡೆ ಒಂದೇ ಒಂದು ಮಳೆಗಾಲ ಕಳೆದಿದ್ದರೆ ಅಂಥದ್ದಕ್ಕೆ ಕೈಹಾಕುತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದರೂ ನನಗೆ ಗುರುತು ಸಿಗುವುದಿಲ್ಲ. ಆದರೂ ಈ ಕಂಪನಿಗಳ ಬಗ್ಗೆ ಮಾತಾಡುವ ಹಕ್ಕು ನನಗೆ ಇದೆ ಅಂದುಕೊಂಡಿದ್ದೇನೆ. ಎರಡು ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ನಮ್ಮ ಕಾಫಿ ಕಣದಲ್ಲಿ ಒಣಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಂಪ್ಯೂಟರ್ ಮಾರುವವರಲ್ಲಿ ಅದನ್ನು ನೋಡಿದವರು ಎಷ್ಟು ಜನ ಇದ್ದಾರು?

ನಮ್ಮದು ಗೋಣಿಬೀಡಿನಿಂದ ಸ್ವಲ್ಪ ಒಳಗೆ. ಅಣ್ಣತಮ್ಮಂದಿರ ಎರಡು ಮನೆ, ನಡುವೆ ಒಂದು ಕಣ. ಹಿಸ್ಸೆಯಾದಾಗ ತೋಟ ಹರಿದು ಹಂಚಿಕೊಂಡರು, ಗದ್ದೆ ಹಂಚಿಕೊಂಡರು, ಅಡುಗೆಮನೆಯ ಕಡಾಯಿಯನ್ನೂ ಬಿಡಲಿಲ್ಲ. ಕಣವನ್ನು ಮಾತ್ರ ಅರ್ಧ ಮಾಡಲಾಗಲಿಲ್ಲ. ಬಿಸಿಲು ಬೆಳಿಗ್ಗೆ ಅವರ ಕಡೆ ಬೀಳುತ್ತದೆ, ಸಂಜೆ ನಮ್ಮ ಕಡೆ. ಹಂಚಿದ್ದರೆ ಇಬ್ಬರ ಕಾಫಿಯೂ ಅರೆಬರೆ ಒಣಗುತ್ತಿತ್ತು. ಹಾಗಾಗಿ ಅದು ಇಬ್ಬರದೂ ಆಗಿ ಉಳಿಯಿತು.

ಆಚೆ ಮನೆಯಲ್ಲಿ ನನ್ನ ಭಾವ, ಅಂದರೆ ನಮ್ಮ ಮನೆಯವರ ಅಣ್ಣ. ಮನೆತನಕ್ಕೆ ಹಿರಿಯರು. ಅವರಿಗೆ ಒಂದೇ ಚಟ, ಕಂಪನಿ ಮಾಲು. ಬೇರೆಯವರಿಗೆ ಹೊಗೆಸೊಪ್ಪು ಹೇಗೋ ಇವರಿಗೆ ಕಂಪನಿ ಹಾಗೆ. ಜೀಪು ಇಂಥ ಕಂಪನಿಯದೇ, ಪಂಪ್‌ಸೆಟ್ಟು ಇಂಥದೇ, ಔಷಧಿ ಹೊಡೆಯುವ ಮಿಷನ್ನು ಇಂಥದೇ, ಕೊಡೆಯ ಬಟ್ಟೆಯ ಮೇಲೂ ಹೆಸರು ಅಚ್ಚಾಗಿರಬೇಕು. ಕೈಗಡಿಯಾರ ನೋಡಿದರೆ ಗಂಟೆ ನೋಡುತ್ತಿರಲಿಲ್ಲ, ಹೆಸರು ನೋಡುತ್ತಿದ್ದರು. ಯಾರಾದರೂ ಸತ್ತ ಮನೆಗೆ ಹೋದರೂ ಹೊರಗೆ ನಿಲ್ಲಿಸಿದ ಜೀಪು ಯಾವ ಕಂಪನಿಯದು ಅಂತ ಒಂದು ಸುತ್ತು ನೋಡಿ ಆಮೇಲೆ ಒಳಗೆ ಹೋಗುತ್ತಿದ್ದರು.

ನಮ್ಮ ಮನೆಯವರಿಗೆ ಅಣ್ಣನ ಎದುರು ಬಾಯಿಲ್ಲ. ನನಗಿತ್ತು. ಆದರೆ ತಮ್ಮನ ಹೆಂಡತಿಯ ಬಾಯಿಗೆ ಆಗಿನ ಕಾಲದಲ್ಲಿ ಕಂಪನಿ ಇರಲಿಲ್ಲ.

ನಮ್ಮ ಮಗಳು ಬಿ.ಎ. ಮುಗಿಸಿ ಮೂಡಿಗೆರೆಯಲ್ಲಿ ಕಂಪ್ಯೂಟರ್ ಕಲಿತು, ಅಲ್ಲೇ ಒಂದು ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಒಂದು ಸಂಕ್ರಾಂತಿ ಹೊತ್ತಿಗೆ, "ಬೇರೆಯವರ ಅಂಗಡಿ ಸಾಕು, ಗೋಣಿಬೀಡು ಬಸ್‌ಸ್ಟ್ಯಾಂಡಿನ ಹತ್ರ ನನ್ನದೇ ಹಾಕ್ತೀನಿ" ಅಂತ ಕೂತಳು. ಶಾಲೆಯ ಪ್ರಶ್ನೆಪತ್ರಿಕೆ, ಪಂಚಾಯ್ತಿ ಅರ್ಜಿ, ಮದುವೆ ಕಾಗದ, ಸತ್ತವರ ತಿಥಿ ಕಾಗದ, ಎಲ್ಲದಕ್ಕೂ ಜನ ಮೂಡಿಗೆರೆಗೆ ಬಸ್ಸು ಹತ್ತುತ್ತಿದ್ದ ಕಾಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಅದೇ ಹೊತ್ತಿಗೆ ಕಳಸದ ಕಡೆಯ ತೋಟದವರೊಬ್ಬರು ಹೆಣ್ಣು ಕೇಳಿಕೊಂಡು ಬಂದಿದ್ದರು. ಹುಡುಗನಲ್ಲಿ ದೋಷ ಏನೂ ಇರಲಿಲ್ಲ. ತನ್ನ ಹೊಟ್ಟೆಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಿದ, ಅಷ್ಟೆ. ಮಗಳಿಗೆ ಬೇಡವಾಗಿತ್ತು. ಬೇಡ ಅನ್ನುವುದಕ್ಕೆ ಕಾರಣ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನಮ್ಮ ಮನೆತನಕ್ಕೆ ಅನ್ನಿಸುತ್ತಿತ್ತು.

ಇದರ ಪಂಚಾಯ್ತಿ ಭಾವನ ಮನೆಯ ಹಾಲಿನಲ್ಲೇ ಆಯಿತು. ಹಾಲಿನ ಮೂಲೆಯಲ್ಲಿ ಅವರು ಆಗಷ್ಟೇ ತಂದಿಟ್ಟಿದ್ದ ಕಂಪ್ಯೂಟರ್ ಇತ್ತು. ಬೆಂಗಳೂರಿನ ದೊಡ್ಡ ಶೋರೂಮಿನದು. ಮುಂದುಗಡೆ ಕಂಪನಿಯ ಹೆಸರು ಬೆಳ್ಳಿ ಅಕ್ಷರದಲ್ಲಿ. ಮೇಲೆ ಅಕ್ಕ, ಅಂದರೆ ಭಾವನ ಹೆಂಡತಿ, ಕಸೂತಿ ಹಾಕಿದ ಬಟ್ಟೆ. ಬೆಳ್ಳಿ ಅಕ್ಷರ ಕಾಣುವಷ್ಟು ಜಾಗ ಬಿಟ್ಟು ಹೊದಿಸಿದ್ದರು. ಆ ಮನೆಯಲ್ಲಿ ಅದನ್ನು ಉಪಯೋಗಿಸಲು ಬರುವವರು ಯಾರೂ ಇರಲಿಲ್ಲ. ನೆಂಟರು ಬಂದಾಗ ಭಾವ ಗುಂಡಿ ಒತ್ತುತ್ತಿದ್ದರು, ನೀಲಿ ಬೆಳಕು ಬರುತ್ತಿತ್ತು, ನೆಂಟರು ತಲೆಯಾಡಿಸುತ್ತಿದ್ದರು, ಭಾವ ಆರಿಸುತ್ತಿದ್ದರು.

"ಯಾವ ಕಂಪನಿದು ತಗಳ್ತೀಯ?" ಅಂತ ಭಾವ ಕೇಳಿದರು. ಅಂಗಡಿ ಬೇಕಾ ಬೇಡವಾ ಅನ್ನುವ ಮಾತಿಗಿಂತ ಮೊದಲು ಅದೇ.

"ಕಂಪನಿದಲ್ಲ ದೊಡ್ಡಪ್ಪ, ಅಸೆಂಬಲ್ಡ್. ಚಿಕ್ಕಮಗಳೂರಲ್ಲಿ ಒಬ್ರು ಜೋಡ್ಸಿ ಕೊಡ್ತಾರೆ."

"ಜೋಡ್ಸದಾ?" ಭಾವನ ಮುಖ ಹುಳಿಮಾವು ಕಚ್ಚಿದ ಹಾಗಾಯಿತು. "ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ. ನಾಳೆ ಕೆಟ್ರೆ ಯಾರ ಮನೆ ಬಾಗ್ಲಿಗೆ ಹೋಗ್ತೀಯ?"

"ಜೋಡ್ಸಿದವರ ಬಾಗ್ಲಿಗೆ. ಚಿಕ್ಕಮಗಳೂರು ಬಸ್ಸಿಗೆ ಹೋಗಿ ಸಂಜೆ ಬರಬಹುದು. ನಿಮ್ಮ ಕಂಪನಿ ಬಾಗ್ಲು ಯಾವ ದೇಶದಲ್ಲಿದೆ?"

"ನೋಡ ಮಾರಾಯ ನಿನ್ನ ಮಗಳ ಬಾಯಿ!" ಅಂತ ಭಾವ ತಮ್ಮನ ಕಡೆ ತಿರುಗಿದರು. ನಮ್ಮ ಮನೆಯವರು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಅನ್ನುವಂತೆ ಬಗ್ಗಿ ನೋಡಿದರು.

ಕಂಪನಿಯದಿರಲಿ, ಜೋಡಿಸಿದ್ದಿರಲಿ, ಡಬ್ಬದ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ, ಹೊಟ್ಟೆಯೊಳಗೆ ಇಂಥ ಕಂಪನಿಯವನು ಇದ್ದಾನೆ ಅಂತ. ಮಗಳು ಅದನ್ನು ತೋರಿಸಿ, "ಹೊರಗಿನ ಹೆಸರು ಬೇರೆ ಇರಬಹುದು, ಒಳಗಿರೋದು ಎರಡ್ರಲ್ಲೂ ಅದೇ" ಅಂದಳು. ಬಸುರಿಯ ಹೊಟ್ಟೆಯ ಮೇಲೆ ಗಂಡನ ಹೆಸರಿನ ಚೀಟಿ ಅಂಟಿಸಿದ ಹಾಗೆ ಇದ್ಯಾವ ಪದ್ಧತಿ ಅಂತ ನಾನು ಕೇಳಿದೆ. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡರು. ಭಾವ ನನ್ನ ಮಾತು ಕೇಳಿಸದವರ ಹಾಗೆ ತೀರ್ಮಾನ ಕೊಟ್ಟರು.

"ಆಯ್ತು. ಬರೋ ಮಳೆಗಾಲ ಒಂದು ದಾಟ್ಲಿ. ಆ ಜೋಡ್ಸಿದ ಡಬ್ಬ ಮಳೆಗಾಲ ದಾಟಿ ನಿಂತ್ರೆ ಅಂಗಡಿ ನಡ್ಸು, ನಾ ಮಾತಾಡಲ್ಲ. ನಡುವೆ ಕೆಟ್ಟು ಕೂತ್ರೆ ಬಾಗ್ಲು ಹಾಕಿ ಕಳಸದವ್ರಿಗೆ ಹೂಂ ಅನ್ನದು. ಕಳಸದವ್ರಿಗೆ ಅಲ್ಲಿ ತಂಕ ಕಾಯ್ರಿ ಅಂತೀನಿ."

ಮಗಳು ಒಪ್ಪಿದಳು. ಮಗಳ ಮದುವೆಯನ್ನು ಜಾತಕ ನೋಡಿ ತೀರ್ಮಾನ ಮಾಡುವುದು ಕೇಳಿದ್ದೆ. ತಗಡಿನ ಡಬ್ಬ ನೋಡಿ ಮಾಡುವುದು ಆವತ್ತೇ ಮೊದಲು.

ಆ ವರ್ಷದ ಕಾಳುಮೆಣಸು ಮಾರಿ ಡಬ್ಬ ತಂದೆವು. ಜೋಡಿಸಿ ಕೊಟ್ಟವನು ಚಿಕ್ಕಮಗಳೂರಿನ ಮೆಕ್ಯಾನಿಕ್, ನಲವತ್ತರ ಹತ್ತಿರದ ಮನುಷ್ಯ, ದೊಡ್ಡ ಮಾತುಗಾರ. ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು, "ಇದ್ರಲ್ಲಿ ಇಂಥ ಕಂಪನಿದು ಬೆಂಕಿ, ಅಂಥ ಕಂಪನಿದು ಬೂದಿ" ಅಂತ ಹೇಳುತ್ತ ಹೋದ. ಅವನು ಹೊಗಳಿದ ಕಂಪನಿಗಳೆಲ್ಲ ಅವನ ಅಂಗಡಿಯಲ್ಲಿ ಸಿಗುವಂಥವೇ ಅನ್ನುವುದನ್ನು ಗಮನಿಸಲು ಮೂರನೇ ಕ್ಲಾಸು ಸಾಕು. ಬೇರೆ ಅಂಗಡಿಯವರು ಬದಲಾಯಿಸಿ ಮೋಸ ಮಾಡಬಾರದು ಅಂತ ತಾನು ಮಾರಿದ ಪ್ರತಿಯೊಂದು ಭಾಗಕ್ಕೂ ಹೆಂಗಸರ ಉಗುರಿನ ಕೆಂಪು ಬಣ್ಣದಲ್ಲಿ ಒಂದು ಬೊಟ್ಟು ಇಡುತ್ತಿದ್ದ. "ಇದು ನಂದು ಅನ್ನೋಕೆ ಸಾಕ್ಷಿ ಅಮ್ಮಾ" ಅಂದ. ಡಬ್ಬ ತೆರೆದರೆ ಒಳಗೆ ದಡಾರ ಎದ್ದ ಮಗುವಿನ ಹಾಗೆ ಕಾಣುತ್ತಿತ್ತು.

ಅಂಗಡಿ ನಡೆಯಿತು. ಆರಿದ್ರೆ ಮಳೆ ಹಿಡಿದ ಮೇಲಂತೂ ಇನ್ನೂ ಚೆನ್ನಾಗಿ ನಡೆಯಿತು. ಅರ್ಜಿ ಇಲ್ಲದವರೂ ಪರದೆಯ ಬೆನ್ನಿಗೆ ಕೈ ಕಾಯಿಸಿಕೊಳ್ಳಲು ಬರುತ್ತಿದ್ದರು. ಬಸ್ಸು ತಡವಾದರೆ ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು, ಡಬ್ಬ ನಿಲ್ಲಲಿಲ್ಲ. ಭಾವ ಗೋಣಿಬೀಡಿಗೆ ಹೋದಾಗಲೆಲ್ಲ ಅಂಗಡಿಯ ಎದುರು ಜೀಪು ನಿಧಾನ ಮಾಡಿ ಇಣುಕಿ ನೋಡುತ್ತಿದ್ದರು. ಮಗಳು ಒಳಗಿನಿಂದ ಕೈ ಬೀಸುತ್ತಿದ್ದಳು.

ಅತ್ತ ಭಾವನ ಹಾಲಿನಲ್ಲಿ ಬೇರೆಯೇ ಆಯಿತು. ನಮ್ಮ ಕಡೆ ಉಪಯೋಗಿಸುವ ವಸ್ತು ಹೇಗಾದರೂ ಬದುಕಿಕೊಳ್ಳುತ್ತದೆ, ಮುಚ್ಚಿಟ್ಟದ್ದಕ್ಕೇ ಮೊದಲು ಬೂಸಲು ಬರುವುದು. ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆ, ಹಬ್ಬಕ್ಕೆ ಅಂತ ಇಟ್ಟ ಚಪ್ಪಲಿ, ಎಲ್ಲದಕ್ಕೂ ಅದೇ ಗತಿ. ಕಸೂತಿ ಹೊದ್ದು ಕೂತಿದ್ದ ಕಂಪನಿ ಕಂಪ್ಯೂಟರು ಪುಷ್ಯ ಮಳೆಯ ಹೊತ್ತಿಗೆ ಗುಂಡಿ ಒತ್ತಿದರೆ ಎದ್ದೇಳುವುದನ್ನು ಬಿಟ್ಟಿತು. ಭಾವ ಯಾರಿಗೂ ಹೇಳಲಿಲ್ಲ. ಅಕ್ಕ ನನಗೆ ಹೇಳಿದರು. ನಾನು ಎಲ್ಲರಿಗೂ ಹೇಳಿದೆ.

ಕಂಪನಿಯವರಿಗೆ ಫೋನು ಮಾಡಿದರೆ, ರಿಪೇರಿಯವನು ಮಂಗಳೂರಿನಿಂದ ಬರಬೇಕು, ಚಾರ್ಮಾಡಿ ಘಾಟಿ ಕುಸಿದಿದೆ, ರಸ್ತೆ ಬಿಟ್ಟ ಮೇಲೆ ನೋಡೋಣ ಅಂದರಂತೆ. ಅಲ್ಲಿಯವರೆಗೆ ಡಬ್ಬ ಬಿಚ್ಚಬೇಡಿ, ಹಿಂದಿನ ಮುದ್ರೆ ಹರಿದರೆ ಗ್ಯಾರಂಟಿ ಇಲ್ಲ ಅಂತಲೂ ಅಂದರಂತೆ. ಗೌರಿ ಹಬ್ಬಕ್ಕೆ ಭಾವನ ಅಳಿಯ ಬರುವವನಿದ್ದ, ಅವನಿಗೆ ನೀಲಿ ಬೆಳಕು ತೋರಿಸಬೇಕು. ಭಾವನಿಗೆ ನಿದ್ದೆ ಇಲ್ಲ.

ಮಘೆ ಮಳೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಸುಡುಬಿಸಿಲು. ಅಂಥ ದಿನ ಬಂದರೆ ನಮ್ಮ ಕಡೆ ದೇವರ ಪೂಜೆ ಕೂಡ ಆಮೇಲೆ. ಮೊದಲು ಮನೆಯೊಳಗಿನ ತೇವವನ್ನೆಲ್ಲ ಕಣಕ್ಕೆ ತಂದು ಹರವಬೇಕು. ಹಾಸಿಗೆ, ಕಂಬಳಿ, ಕೊತ್ತಂಬರಿ ಬೀಜ, ಮೆಣಸಿನಕಾಯಿ, ಬೂಸಲು ಹಿಡಿದ ಬೆಲ್ಟು, ಜಮೀನಿನ ಕಾಗದಗಳು. ನಾನು ಕೊತ್ತಂಬರಿ ಹರವುತ್ತಿದ್ದಾಗ ಭಾವ ಕಂಪ್ಯೂಟರನ್ನು ಮಗುವಿನ ಹಾಗೆ ತಬ್ಬಿಕೊಂಡು ಬಂದರು. ಹಿಂದೆ ಅಕ್ಕ, ಪಂಪ್‌ಸೆಟ್ಟಿನ ಸ್ಪ್ಯಾನರು ಡಬ್ಬಿ ಹಿಡಿದುಕೊಂಡು.

"ಇದಕ್ಕೆ ತೇವ, ಅಷ್ಟೆ," ಅಂದರು ಭಾವ, ನನ್ನ ಮುಖ ನೋಡದೆ. "ಕಂಪನಿ ಮಾಲಿಗೆ ಬೇರೆ ಏನೂ ಆಗಕ್ಕಿಲ್ಲ."

ಮುದ್ರೆ ಹರಿದೇ ಬಿಟ್ಟರು. ಹಸಿ ಕಾಫಿ ಬೀಜವನ್ನು ರಾಶಿ ಹಾಕಿ ಒಣಗಿಸಿದರೆ ಒಳಗೆ ಮುಗ್ಗುತ್ತದೆ, ತೆಳ್ಳಗೆ ಹರವಬೇಕು ಅನ್ನುವುದು ಇಡೀ ಜನ್ಮ ಅವರು ಕಲಿತ ವಿದ್ಯೆ. ಕಂಪ್ಯೂಟರಿಗೂ ಅದನ್ನೇ ಮಾಡಿದರು. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಒಂದಕ್ಕೊಂದು ತಾಗದಂತೆ ಹರವಿದರು. ನೆಲಕ್ಕೆ ಹಾಕಬೇಡಿ, ಗೋಣಿಚೀಲ ಹಾಸಿ ಅಂತ ಹೇಳಿದವಳು ನಾನು. ಅದು ಸರಿಯಾದ ಸಲಹೆ ಅಂತ ಈಗಲೂ ಹೇಳುತ್ತೇನೆ.

ನಮ್ಮ ಮಗಳು ಶನಿವಾರ ಸಂಜೆ ಅಂಗಡಿ ಮುಚ್ಚುವಾಗ ಡಬ್ಬವನ್ನು ಮನೆಗೆ ತಂದುಬಿಡುತ್ತಿದ್ದಳು. ಅಂಗಡಿಯ ಗೋಡೆ ನೀರು ಕುಡಿಯುತ್ತಿತ್ತು. ಆವತ್ತು ಅವಳು ಪ್ರಿಂಟರಿಗೆ ರಿಬ್ಬನ್ ತರಲು ಮೂಡಿಗೆರೆಗೆ ಹೋಗಿದ್ದಳು. ಅವಳ ಡಬ್ಬ ಕೆಟ್ಟಿರಲಿಲ್ಲ. ಬೆಳಿಗ್ಗೆ ಹಚ್ಚಿದಾಗ ಸ್ವಲ್ಪ ಗೊರಕೆ ಹೊಡೆಯುತ್ತಿತ್ತು, ಅಷ್ಟೆ. ಆದರೆ ನಮ್ಮ ಮನೆಯವರು ಅಣ್ಣ ಮಾಡಿದ್ದನ್ನು ಕಂಬದ ಪಕ್ಕ ನಿಂತು ನೋಡಿದರು. ನೋಡಿ ಒಳಗೆ ಹೋದರು. ಮಗಳ ಡಬ್ಬ ಹಿಡಿದು ಬಂದರು.

"ಅದಕ್ಕೆ ಎಂತ ಆಗಿದೆ ಅಂತ ತಂದ್ರಿ?" ಅಂದೆ.

"ಬಿಸ್ಲು ಬಿದ್ದಿದೆ ಮಾರಾಯ್ತಿ. ಇನ್ಯಾವಾಗ ಬೀಳ್ತದೋ. ಇದೂ ಒಂದ್ಸಲ ಒಣಗ್ಲಿ. ಮಳೆಗಾಲ ದಾಟ್ಬೇಕಲ್ಲ."

ಮಗಳ ಮೇಲಿನ ಪ್ರೀತಿಯಿಂದಲೇ ಮಾಡಿದರು. ಆ ಮನುಷ್ಯ ಜನ್ಮದಲ್ಲಿ ತನ್ನ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ. ಅಣ್ಣನ ಗೋಣಿಯ ಪಕ್ಕ ಇನ್ನೊಂದು ಗೋಣಿ ಹಾಸಿ ಕೆಂಪು ಬೊಟ್ಟಿನ ಭಾಗಗಳನ್ನು ಹರವಿದರು. ಅಣ್ಣತಮ್ಮಂದಿರು ಕುಕ್ಕರಗಾಲಲ್ಲಿ ಕೂತು ಆಗಾಗ ಒಂದೊಂದನ್ನೇ ಮಗುಚಿ ಹಾಕುತ್ತಿದ್ದರು. ಹಿಸ್ಸೆಯಾದ ಮೇಲೆ ಅವರಿಬ್ಬರು ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದನ್ನು ನಾನು ನೋಡಿರಲಿಲ್ಲ.

ಇಲ್ಲೊಂದು ಪದ್ಧತಿ ಹೇಳಬೇಕು. ಕಾಫಿ ಒಣಹಾಕಿದಾಗ ಮಳೆ ಕಂಡರೆ ಕಂಡವರು ಕೂಗಬೇಕು. ಕೂಗು ಕೇಳಿದವರು ಓಡಬೇಕು. ಯಾರ ಕಣ ಅಂತ ಕೇಳುವ ಹಾಗಿಲ್ಲ. ಬೇಲಿ ಜಗಳ ಆಡಿ ವರ್ಷಗಟ್ಟಲೆ ಮಾತು ಬಿಟ್ಟವರೂ ಓಡಿ ಬಂದು ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಮಾತಾಡದೆ ವಾಪಸು ಹೋಗುತ್ತಾರೆ. ತಲೆ ಕೆಲಸ ಮಾಡುವುದಿಲ್ಲ, ಕೈಕಾಲೇ ಓಡುತ್ತವೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮೇಲಿನ ಮನೆಯ ಹೆಂಗಸು ಗುಡ್ಡದ ಮೇಲಿನಿಂದ ಕೂಗಿದಳು. "ಮಳೆ ಬಂತೋ! ಕಣಾ! ಕಣಾ!"

ನಾವು ಕೈ ತೊಳೆಯದೆ ಓಡುವಷ್ಟರಲ್ಲಿ ಅಕ್ಕಪಕ್ಕದವರು ಕಣದಲ್ಲಿದ್ದರು. ಹನಿಗಳು ಎಲಚಿ ಹಣ್ಣಿನಷ್ಟು ದಪ್ಪ ಬೀಳುತ್ತಿದ್ದವು. ಒಬ್ಬ ಹಾಸಿಗೆ ಎಳೆದ. ಇನ್ನೊಬ್ಬಳು ಜಮೀನಿನ ಕಾಗದವನ್ನು ಸೆರಗಿಗೆ ತುಂಬಿದಳು. ಬೇಲಿಯಾಚೆಯ ಭಾರಿ ಮನುಷ್ಯ, ನಮ್ಮ ಜೊತೆ ಮಾತು ಬಿಟ್ಟವನು, ಕಾಫಿ ರಾಶಿ ಮಾಡುವ ಉದ್ದ ಹಿಡಿಯ ಹಲಗೆ ಹಿಡಿದು ಬಂದು, ಎರಡೂ ಗೋಣಿಯ ಮೇಲಿನದನ್ನು ಸರಕ್ಕನೆ ಎಳೆದು ಒಂದೇ ರಾಶಿ ಮಾಡಿಬಿಟ್ಟ. ಇನ್ನಿಬ್ಬರು ಅದನ್ನು ಬೊಗಸೆಯಲ್ಲಿ ಹೆಡಿಗೆ ಬುಟ್ಟಿಗೆ ತುಂಬಿದರು. ಭಾವ, "ಏಯ್, ಅದು ಕಾಫಿ ಅಲ್ಲ, ಕಂಪನಿ! ಕಂಪನಿ!" ಅಂತ ಕೂಗುತ್ತಿದ್ದರು. ಮಳೆಯ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು? ನಮ್ಮ ಮಗಳ ಡಬ್ಬದ ಖಾಲಿ ತಗಡಿನ ಮೇಲೆ ಆ ಭಾರಿ ಮನುಷ್ಯ ಕಾಲಿಟ್ಟ. ಅದು ಹಪ್ಪಳದ ಹಾಗೆ ಕೂತಿತು. ಹೆಡಿಗೆಯ ಮೇಲೆ ಟಾರ್ಪಾಲು ಹೊದಿಸಿ, ಅದರ ಮೇಲೆ ಕಲ್ಲಿಟ್ಟು, ನಮ್ಮ ಕಡೆ ನೋಡದೆ ಅವನು ಹೋದ. ಉಪಕಾರ ಉಪಕಾರವೇ, ಬೈಯುವ ಹಾಗಿಲ್ಲ.

ಸಂಜೆಯ ಬಸ್ಸಿಗೆ ಮಗಳು ಬಂದಳು. ಜಗಲಿಯ ಮೇಲೆ ಹೆಡಿಗೆ. ಅದರ ಸುತ್ತ ನಾವು ನಾಲ್ಕು ಜನ, ಹೆಣ ಕಾಯುವವರ ಹಾಗೆ. ಅವಳು ಅಳಲಿಲ್ಲ, ಕಿರುಚಲಿಲ್ಲ. ಬಗ್ಗಿ ಒಳಗೆ ನೋಡಿ ಕೇಳಿದಳು:

"ಅಮ್ಮ, ಕಂಪ್ಯೂಟರಲ್ಲಿ ಕೊತ್ತಂಬರಿ ಬೀಜ ಯಾಕಿದೆ?"

ಅವಳು ಜಗಲಿ ಅಂಚಿನಲ್ಲಿ ಕೂತು ಕೆಂಪು ಬೊಟ್ಟಿನ ಒಂದು ಭಾಗ ಎತ್ತಿ ಬೀಜ ಕೊಡವಿದಳು. ಮಳೆಗಾಲ ಮುಗಿಯಲು ಇನ್ನೂ ದಿನ ಇತ್ತು, ಡಬ್ಬ ಹೆಡಿಗೆಯಲ್ಲಿತ್ತು, ಕಳಸದವರು ಕಾಯುತ್ತಿದ್ದರು. ಭಾವ ಎದ್ದು ಹೊರಟರು. ಬಾಗಿಲ ಹತ್ತಿರ ನಿಂತು, "ಮಾತು ಮಾತೇ ಮಗಾ" ಅಂತ ಮೆಲ್ಲಗೆ ಅಂದರು. ಅವರ ದನಿಯಲ್ಲಿ ಗೆದ್ದವರ ಗತ್ತು ಇರಲಿಲ್ಲ. ಅವರದೂ ಅದೇ ಹೆಡಿಗೆಯಲ್ಲಿತ್ತಲ್ಲ.

ಮರುದಿನ ಚಿಕ್ಕಮಗಳೂರಿನ ಮೆಕ್ಯಾನಿಕ್ ಬಸ್ಸಿನಲ್ಲಿ ಬಂದ. ಹೆಡಿಗೆ ನೋಡಿ ಮೊದಲು ಒಂದು ಲೋಟ ಕಾಫಿ ಕುಡಿದ, ಆಮೇಲೆ ಇನ್ನೊಂದು.

"ನಾನು ಸಿಡಿಲು ಹೊಡೆದಿದ್ದು ನೋಡಿದೀನಿ, ಇಲಿ ಮರಿ ಹಾಕಿದ್ದು ನೋಡಿದೀನಿ," ಅಂದ. "ಹೆಡಿಗೇಲಿ ತುಂಬಿದ್ದು ಇದೇ ಮೊದ್ಲು."

"ಸರಿ ಆಗ್ತದಾ ಇಲ್ವಾ, ಅದು ಹೇಳಿ," ಅಂದಳು ಮಗಳು.

"ಎರಡು ಆಗಕ್ಕಿಲ್ಲ. ಒಂದು ಮಾಡ್ಬಹುದೇನೋ. ದೇವ್ರಿಗೆ ಕೈ ಮುಗೀರಿ."

ಜಗಲಿಯಲ್ಲಿ ಚಾಪೆ ಹಾಸಿ ಕೂತ. ಅದನ್ನು ಇದಕ್ಕೆ ಸಿಕ್ಕಿಸುವುದು, ಗುಂಡಿ ಒತ್ತುವುದು, ಏನೂ ಆಗದಿದ್ದರೆ ಯಾವುದೋ ಒಂದು ಕಂಪನಿಯನ್ನು ಬೈದು ಪಕ್ಕಕ್ಕೆ ಎಸೆಯುವುದು. ಲೆಕ್ಕಾಚಾರ ಏನೂ ಇರಲಿಲ್ಲ. ಬೀಗದ ಕೈ ಗೊಂಚಲು ಹಿಡಿದು ಯಾವುದು ತೆರೆಯುತ್ತದೋ ನೋಡುವ ಹಾಗೆ. ನಾನು ಪಕ್ಕದಲ್ಲೇ ಕೂತು ಕೊತ್ತಂಬರಿ ಆರಿಸಿಕೊಳ್ಳುತ್ತಿದ್ದೆ. ಒಮ್ಮೆ ಕಿಡಿ ಹಾರಿತು. ನಮ್ಮ ಮನೆಯವರು ಅಂಗಳಕ್ಕೆ ಹಾರಿದರು. ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಿಗೆ ಗೊರಕೆಯ ಸದ್ದು ಬಂತು. ಆ ಗೊರಕೆ ನನಗೆ ಗೊತ್ತಿತ್ತು. ಪರದೆಯ ಮೇಲೆ ಬೆಳಕು ಬಂತು, ಬೆಳಕಿನಲ್ಲಿ ಶಾಲೆಯ ಪ್ರಶ್ನೆಪತ್ರಿಕೆ ಬಂತು.

ಮಗಳ ತಗಡು ಹಪ್ಪಳವಾಗಿತ್ತಲ್ಲ, ಹಾಗಾಗಿ ಮೆಕ್ಯಾನಿಕ್ ಎಲ್ಲವನ್ನೂ ಭಾವನ ಬೆಳ್ಳಿ ಅಕ್ಷರದ ಡಬ್ಬದೊಳಗೆ ಕೂರಿಸಿದ. ಮುಚ್ಚಳ ಹಾಕುವ ಮೊದಲು ನಾನು ಇಣುಕಿದೆ. ಒಳಗೆಲ್ಲ ಕೆಂಪು ಬೊಟ್ಟು. ದಡಾರದ ಮಗು ಹಾಗೇ ಇತ್ತು, ಅಂಗಿ ಮಾತ್ರ ಬೇರೆ.

ಸುದ್ದಿ ಕೇಳಿ ಭಾವ ಬಂದರು. ಡಬ್ಬದ ಮುಂದಿನ ಹೆಸರು ನೋಡಿದರು, ಬೆಳಗುತ್ತಿದ್ದ ಪರದೆ ನೋಡಿದರು. ಒಂದು ತಿಂಗಳ ನಿದ್ದೆ ಒಂದೇ ಸಲಕ್ಕೆ ಮಾಡಿ ಎದ್ದವರ ಹಾಗೆ ಮುಖ ಅರಳಿತು.

"ನೋಡಿದ್ರಾ? ಹೆಡಿಗೇಲಿ ತುಂಬಿದ್ರೂ ಎದ್ದು ಕೂತ್ಕಂತು. ಅದಕ್ಕೇ ಕಂಪನಿ ಅನ್ನದು! ಆ ಜೋಡ್ಸಿದ್ದು ಎಲ್ಲಿ?"

ಮೆಕ್ಯಾನಿಕ್ ಬಾಯಿ ತೆರೆದ. "ಅಲ್ಲ ಗೌಡ್ರೇ, ಒಳಗಿರದು..."

"ಕಾಫಿ ತಗಳ್ಳಿ," ಅಂತ ಮಗಳು ಅವನ ಬಾಯಿಗೆ ಲೋಟ ಹಿಡಿದಳು. ಅವನಿಗೆ ಅದು ನಾಲ್ಕನೆಯದೋ ಐದನೆಯದೋ. ನಾನು ಮಾತಾಡಲು ಹೊರಟೆ. ನನ್ನ ತೊಡೆಗೆ ಅವಳು ಎಂಥ ಚಿವುಟು ಚಿವುಟಿದಳೆಂದರೆ ಹಬ್ಬದವರೆಗೆ ನೀಲಿ ಇತ್ತು.

"ಹೌದು ದೊಡ್ಡಪ್ಪ," ಅಂದಳು. "ಜೋಡ್ಸಿದ್ದು ಅಲ್ಲಿ ಅಂಗಳದಲ್ಲಿ ಬಿದ್ದಿದೆ. ಉಳ್ದಿದ್ದು ಕಂಪನಿದು. ನಿಮ್ಮದು. ತಗಂಡ್ಹೋಗಿ ಹಾಲಲ್ಲಿ ಇಟ್ಕಳಿ."

ಭಾವ ಸ್ವಲ್ಪ ತಬ್ಬಿಬ್ಬಾದರು. "ಮತ್ತೆ ಮಾತಾಡಿದ್ದು...?"

"ಮಾತು ಮಾತೇ. ಆದ್ರೆ ಶಾಲೆದು, ಪಂಚಾಯ್ತಿದು, ಹಿಡ್ಕಂಡ ಕೆಲಸ ಎಲ್ಲ ಅದ್ರೊಳಗಿದೆ. ಮುಗಿಸಿಕೊಡೋ ತಂಕ ನಿಮ್ಮ ಹಾಲಲ್ಲೇ ಕೂತು ಟೈಪ್ ಮಾಡ್ತೀನಿ. ಜನಕ್ಕೆ ಅಲ್ಲಿಗೇ ಬನ್ನಿ ಅಂತೀನಿ."

"ಬರ್ಲಿ, ಬರ್ಲಿ," ಅಂದರು ಭಾವ. "ಕಂಪನಿದು ಹೆಂಗೆ ಓಡ್ತದೆ ಅಂತ ಜನ ನೋಡ್ಲಿ."

ಜನ ಬಂದರು. ಮೊದಲ ದಿನ ಮೇಷ್ಟ್ರುಗಳು ಬಂದರು. ಆಮೇಲೆ ಜಾತಿ ಸರ್ಟಿಫಿಕೇಟಿನ ಅರ್ಜಿಯವರು, ಮದುವೆ ಕಾಗದದವರು, ಪಂಚಾಯ್ತಿ ಮೆಂಬರು, ಮೆಂಬರಿನ ವಿರುದ್ಧ ದೂರು ಬರೆಸುವವರು. ಮೆಂಬರು ಮತ್ತು ದೂರಿನವರು ಒಂದೇ ಬೆಂಚಿನಲ್ಲಿ ಕೂತರು. ಒದ್ದೆ ಕೊಡೆಗಳನ್ನೆಲ್ಲ ಹಾಲಿನ ಮೂಲೆಯಲ್ಲಿ ಬಿಚ್ಚಿಟ್ಟರು. ರಕ್ತ ಕುಡಿದು ಅವರ ಕಾಲಿನಿಂದ ಉದುರಿದ ಇಂಬಳಗಳು ಕೆಂಪು ನೆಲದ ಮೇಲೆ ತಲೆ ಎತ್ತಿಕೊಂಡು ನಡೆದವು. ಭಾವ ಆರಾಮ ಕುರ್ಚಿಯಲ್ಲಿ ಕೂತು ಬಂದ ಪ್ರತಿಯೊಬ್ಬರಿಗೂ ಕಂಪನಿಯ ಚರಿತ್ರೆ ಹೇಳಿದರು. ಅವರಂತೂ ಸುಖವಾಗಿದ್ದರು. ಕಷ್ಟ ಬಂದದ್ದು ಅಕ್ಕನಿಗೆ. ಗೋಣಿಬೀಡಿನ ಅಂಗಡಿಗೆ ಬಂದವರಿಗೆ ಏನೂ ಕೊಡಬೇಕಾಗಿಲ್ಲ. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ದೂರು ಬರೆಸಲು ಬಂದವನಿಗೂ ಕೊಡಬೇಕು. ಮಳೆ ಬಿಡಲಿಲ್ಲ ಅಂತ ಕೂತವನಿಗೆ ಇನ್ನೊಂದು ಸಲ ಕೊಡಬೇಕು. ಊಟದ ಹೊತ್ತಾದರೆ ಎಲೆ ಹಾಕಬೇಕು.

ನನ್ನ ಮಗಳು ಹಿಂದೆ ಒಂದು ಅರ್ಜಿಯನ್ನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಸುತ್ತಿದ್ದವಳು ಅಲ್ಲಿ ಒಂದೊಂದಕ್ಕೂ ಗಂಟೆಗಟ್ಟಲೆ ತೆಗೆದುಕೊಂಡಳು. "ಕಂಪನಿದು ನೋಡಿ ದೊಡ್ಡಮ್ಮ, ಮೆಲ್ಲಗೆ ಮಾಡ್ಬೇಕು" ಅನ್ನುತ್ತಿದ್ದಳು.

ವಾರ ಕಳೆಯುವ ಮೊದಲೇ ಒಂದು ಮಧ್ಯಾಹ್ನ, ಹಾಲು ತುಂಬ ಜನ ಇದ್ದಾಗ, ಅಕ್ಕ ಲೋಟಗಳ ತಟ್ಟೆಯನ್ನು ಕಂಪ್ಯೂಟರಿನ ಪಕ್ಕ ಧಡ್ಡನೆ ಇಟ್ಟರು. ಮದುವೆಯಾಗಿ ಬಂದಾಗಿನಿಂದ ಅವರು ಗಂಡಸರ ಎದುರು ಗಟ್ಟಿಯಾಗಿ ಮಾತಾಡಿದ್ದು ಆವತ್ತೇ.

"ಒಂದೋ ಈ ಡಬ್ಬ ಹೋಗ್ಬೇಕು, ಇಲ್ಲ ನಾನು ತವರಿಗೆ ಹೋಗ್ತೀನಿ. ವರ್ಷದ ಕಾಫಿಪುಡಿ ಖಾಲಿ ಆಯ್ತು. ಗೌರಿ ಹಬ್ಬಕ್ಕೆ ಅಳಿಯಂಗೆ ನಿಮ್ಮ ಕಂಪನಿನ ಕಾಯ್ಸಿ ಕೊಡ್ಲಾ?"

ಬೆಂಚಿನವರೆಲ್ಲ ಕೊಡೆ ಹುಡುಕತೊಡಗಿದರು. ಭಾವ ಮಗಳ ಕಡೆ ತಿರುಗಿದರು.

"ತಗಂಡ್ಹೋಗು ಮಗಾ ಇದನ್ನ. ನಿನ್ನ ಅಂಗಡೀಲೇ ಇರ್ಲಿ."

ಮಗಳು ಕೈ ಕಟ್ಟಿ ಕೂತಳು. "ಅಂಗಡಿ ಬಾಗ್ಲು ಹಾಕು ಅಂದಿದ್ರಲ್ಲ ದೊಡ್ಡಪ್ಪ. ನಾ ಕಳಸಕ್ಕೆ ಹೋದ್ರೆ ಮುಚ್ಚಿದ ಅಂಗಡೀಲಿ ಇದನ್ನ ಯಾರು ಮುಟ್ತಾರೆ? ಮತ್ತೆ ಬೂಸಲು ಹಿಡೀತದೆ. ಆಗ ಜನ ಏನಂತಾರೆ? ಕಂಪನಿದು ಮಳೆಗಾಲ ತಡೀಲಿಲ್ಲ ಅಂತಾರೆ."

ಭಾವ ಯೋಚನೆ ಮಾಡಿದರು. ತಮ್ಮನ ಮಗಳ ಮದುವೆ ಒಂದು ಕಡೆ, ಕಂಪನಿಯ ಮಾನ ಒಂದು ಕಡೆ. ಬಹಳ ಹೊತ್ತು ಬೇಕಾಗಲಿಲ್ಲ.

"ನಾ ಅಂದಿದ್ದು ಜೋಡ್ಸಿದ್ದು ಕೆಟ್ರೆ ಮುಚ್ಚು ಅಂತ," ಅಂದರು. "ಕಂಪನಿದು ಇಟ್ಕಂಡ ಅಂಗಡಿ ಮುಚ್ಚು ಅಂತ ನಾ ಯಾವತ್ತು ಅಂದೆ?"

ಅದೇ ಸಂಜೆ ಕಳಸಕ್ಕೆ ಫೋನು ಮಾಡಿದರು. ನಾನು ಮತ್ತು ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆವು. ಹುಡುಗಿಯ ವಿಷಯ ಒಂದೇ ಮಾತಿನಲ್ಲಿ ಮುಗಿಸಿದರು: "ಅವಳು ಅಂಗಡಿ ನಡ್ಸ್ತಾಳಂತೆ, ಈ ಸಂಬಂಧ ಆಗಲ್ಲ, ಬೇಜಾರು ಮಾಡ್ಕಬೇಡಿ." ಆ ಕಡೆಯಿಂದ ಏನೋ ಕೇಳಿದರು. "ಹೌದೌದು, ಕಂಪನಿದೇ," ಅಂದರು ಭಾವ, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಆಮೇಲೆ ಹೆಡಿಗೆ ಬಂತು, ಮಳೆ ಬಂತು, ಮಂಗಳೂರು ಬಂತು, ಬೆಂಗಳೂರಿನ ಶೋರೂಮು ಯಾವ ಬೀದಿಯಲ್ಲಿದೆ ಅನ್ನುವುದೂ ಬಂತು. ಹುಡುಗಿ ಸಿಗದಿದ್ದಕ್ಕೆ ಕಳಸದವರಿಗೆ ಬೇಜಾರಾಯಿತೋ ಇಲ್ಲವೋ ತಿಳಿಯಲಿಲ್ಲ. ಡಬ್ಬದ ಹೆಸರನ್ನು ಮಾತ್ರ ಒಂದೊಂದೇ ಅಕ್ಷರ ಹೇಳಿಸಿಕೊಂಡು ಬರೆದುಕೊಂಡರಂತೆ.

ಮಗಳು ಅಷ್ಟು ಹೊತ್ತಿಗೆ ಡಬ್ಬವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭಾವನ ಜೀಪಿಗೆ ಏರಿಸಿಯಾಗಿತ್ತು. ಅವಳು ಮುಂದುಗಡೆ ಕೂತು, ಫೋನು ಮುಗಿಸಿ ದೊಡ್ಡಪ್ಪ ಬರಲಿ ಅಂತ ಹಾರನ್ ಹೊಡೆಯುತ್ತಿದ್ದಳು.